ಬರ್ಮುಡಾದ ಕಹೌ ಹಕ್ಕಿಯೂ ಅದರ ಗೂಡಿನ ನೆಲೆಯೂ

ಷೇಕ್ಸ್‌ಪಿಯರ್ ಮಹಾಕವಿಯ 'ಟೆಂಪೆಸ್ಟ್' ನಾಟಕವು ಕನ್ನಡ ವಾಚಕರಿಗೆ ಅಪರಿಚಿತವಾದುದಲ್ಲ. ಕುವೆಂಪು ಅವರು ಅದನ್ನು ೧೯೩೦ರಲ್ಲಿ 'ಬಿರುಗಾಳಿ' ಎಂಬ ಹೆಸರಿನಿಂದ ಕನ್ನಡಕ್ಕೆ ರೂಪಾಂತರಿಸಿದರು. ಈ ನಾಟಕದ ಮೂಲಸಾಮಗ್ರಿಯನ್ನು ಶೋಧಿಸಿದ ವಿದ್ವಾಂಸರಲ್ಲಿ ಬಹುಮಂದಿ, ೧೬೦೯ರಲ್ಲಿ ಬರ್ಮುಡಾ ದ್ವೀಪದ ಬಳಿ ಒಡೆದ 'ಸೀ ವೆಂಚರ್' ಎಂಬ ಹಡಗಿನ ವೃತ್ತಾಂತವು ಕವಿಯ ದೃಷ್ಟಿಗೆ ಬಿದ್ದಿರಬೇಕೆಂದು ಒಪ್ಪುತ್ತಾರೆ, ಒಪ್ಪದವರೂ ಉಂಟು. ಆ ವಿವಾದವು ಪ್ರಕೃತಕ್ಕೆ ಬೇಕಾದುದಲ್ಲ. ಬೇಕಾದುದೇನೆಂದರೆ, ಅದೇ ವೃತ್ತಾಂತದಲ್ಲಿ ನಾಟಕದ ಅಭ್ಯಾಸಿಗಳು ಸಾಮಾನ್ಯವಾಗಿ ದಾಟಿಹೋಗುವ ಒಂದು ಭಾಗ. ರಾತ್ರಿಯ ಕತ್ತಲೆಯಲ್ಲಿ ವಿಕಾರವಾಗಿ ಕೂಗುತ್ತ ದಡಕ್ಕೆ ಬರುವ ಒಂದು ಕಡಲಹಕ್ಕಿಯ ವರ್ಣನೆ ಅದು. ಆ ಹಕ್ಕಿಯ ಹೆಸರು ಕಹೌ. ಅದರ ಕೂಗಿನಿಂದಲೇ ಹುಟ್ಟಿದ ಹೆಸರು.

ಈ ಹಕ್ಕಿಯು ಸುಮಾರು ೧೬೨೦ರ ಹೊತ್ತಿಗೆ ನಿರ್ವಂಶವಾಯಿತೆಂದು ಮೂರು ಶತಮಾನಗಳ ಕಾಲ ಲೋಕವು ನಂಬಿತ್ತು. ೧೯೫೧ರಲ್ಲಿ ಕೆಲವು ಬೋಳು ಬಂಡೆಗಳ ಮೇಲೆ ಅದು ಇನ್ನೂ ಬದುಕಿರುವುದು ಗೊತ್ತಾಯಿತು. ಅದು ದೊರೆತ ಬಂಡೆಗಳೇ ಅದರ ಸ್ವಸ್ಥಾನವೆಂದು ಎಣಿಸಿ ಅಷ್ಟನ್ನು ಮಾತ್ರ ಕಾಯ್ದಿದ್ದರೆ ಹಕ್ಕಿಯು ಬಹುಶಃ ಉಳಿಯುತ್ತಿರಲಿಲ್ಲ. ಅದು ಆ ಬಂಡೆಗಳ ನಿವಾಸಿಯಲ್ಲ, ಬೇರೆಡೆಯಿಂದ ಅಟ್ಟಲ್ಪಟ್ಟು ಅಲ್ಲಿ ತಲೆಮರೆಸಿಕೊಂಡದ್ದು. ಇದಕ್ಕೆ ಪ್ರಮಾಣವು ಹದಿನೇಳನೆಯ ಶತಮಾನದ ಬರಹಗಳಲ್ಲಿಯೇ ಇದೆ. ಅದನ್ನು ಸರಿಯಾಗಿ ಓದಿಕೊಳ್ಳುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು.

ಬರ್ಮುಡಾ ಎಂಬುದು ಅಟ್ಲಾಂಟಿಕ್ ಮಹಾಸಾಗರದಲ್ಲಿ, ಉತ್ತರ ಅಮೆರಿಕದ ತೀರದಿಂದ ಸುಮಾರು ೧೦೦೦ ಕಿಲೋಮೀಟರು ದೂರದಲ್ಲಿ, ಒಂಟಿಯಾಗಿ ನಿಂತಿರುವ ಸುಣ್ಣಕಲ್ಲಿನ ದ್ವೀಪಸಮೂಹ. ಮನುಷ್ಯನು ಕಾಲಿಡುವುದಕ್ಕೆ ಮುಂಚೆ ಅಲ್ಲಿ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಹಕ್ಕಿಗೆ ಶತ್ರುವಾದುದು ಒಂದೂ ಇರಲಿಲ್ಲ. ಕಹೌ ಪೆಟ್ರೆಲ್ ಎಂಬ ಕಡಲಹಕ್ಕಿಗಳ ಜಾತಿಗೆ ಸೇರಿದ್ದು; ಮೇಲುಭಾಗ ಬೂದುಗಪ್ಪು, ಹೊಟ್ಟೆ ಬಿಳುಪು, ರೆಕ್ಕೆಗಳು ನೀಳ. ವರ್ಷದ ಹೆಚ್ಚು ಕಾಲವನ್ನು ಅದು ತೆರೆದ ಸಾಗರದ ಮೇಲೆಯೇ ಕಳೆಯುತ್ತದೆ. ನೆಲಕ್ಕೆ ಬರುವುದು ಮರಿಮಾಡುವುದಕ್ಕೆ ಮಾತ್ರ. ಅದೂ ಭೂಮಂಡಲದಲ್ಲಿ ಬರ್ಮುಡಾ ಒಂದಕ್ಕೆ, ಅದೂ ರಾತ್ರಿಯಲ್ಲಿ. ಅಕ್ಟೋಬರ್ ಕೊನೆಯಿಂದ ಹಕ್ಕಿಗಳು ಬಂದು ಕತ್ತಲ ರಾತ್ರಿಗಳಲ್ಲಿ ಜೊತೆಗೂಡುತ್ತವೆ, ಜನವರಿಯಲ್ಲಿ ಒಂದೇ ಒಂದು ಬಿಳಿಯ ಮೊಟ್ಟೆ, ಮಾರ್ಚಿಯಲ್ಲಿ ಮರಿ, ಮೇ ಜೂನ್ ತಿಂಗಳಲ್ಲಿ ಆ ಮರಿ ಒಬ್ಬಂಟಿಯಾಗಿ ಸಮುದ್ರಕ್ಕೆ ಹಾರಿಹೋಗುತ್ತದೆ. ವರ್ಷಕ್ಕೆ ಒಂದು ಮೊಟ್ಟೆಯಿಡುವ ಪ್ರಾಣಿಯು ಒಮ್ಮೆ ಕ್ಷೀಣಿಸಿತೆಂದರೆ ಮತ್ತೆ ತಲೆಯೆತ್ತುವುದು ಎಷ್ಟು ನಿಧಾನವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದ್ವೀಪಕ್ಕೆ ಹೆಸರು ಬಂದುದು ಹದಿನಾರನೆಯ ಶತಮಾನದ ಆದಿಯಲ್ಲಿ ಅದನ್ನು ಕಂಡ ಹ್ವಾನ್ ದೆ ಬೆರ್ಮುದೆಸ್ ಎಂಬ ಸ್ಪೇನಿನ ನಾವಿಕನಿಂದ. ಅನಂತರ ಸುಮಾರು ನೂರು ವರ್ಷ ಸ್ಪೇನಿನ ನಾವಿಕರು ಅದನ್ನು ಪಿಶಾಚಿಗಳ ದ್ವೀಪವೆಂದು ಕರೆದು ದೂರದಿಂದಲೇ ಸುತ್ತಿಹೋಗುತ್ತಿದ್ದರು. ಸುತ್ತಲಿನ ಬಂಡೆಸಾಲುಗಳು ಆ ಹೆದರಿಕೆಗೆ ಒಂದು ಕಾರಣ. ಮತ್ತೊಂದು, ಇರುಳಿನಲ್ಲಿ ದಡದಿಂದ ಏಳುತ್ತಿದ್ದ ಆರ್ತನಾದ. ೧೬೦೩ರಲ್ಲಿ ದಿಯೇಗೊ ರಾಮಿರೆಸ್ ಎಂಬ ಕಪ್ತಾನನ ಹಡಗು ಅಲ್ಲಿ ಸಿಕ್ಕಿಕೊಂಡಾಗ ಅವನ ಜನರು ಮೊದಲು ಆ ಕೂಗನ್ನು ದೆವ್ವದ ಕೂಗೆಂದೇ ತಿಳಿದರು. ಕಡೆಗೆ ಅವು ಹಕ್ಕಿಗಳೆಂದು ತಿಳಿದುಬಂತು. ತಿಳಿದ ಮೇಲೆ ನೂರುಗಟ್ಟಲೆ ಹಿಡಿದು ಬೇಯಿಸಿ ತಿಂದರು. ದೆವ್ವದ ಭಯವಿದ್ದಷ್ಟು ಕಾಲ ಹಕ್ಕಿ ಕ್ಷೇಮವಾಗಿತ್ತು ಎಂದು ಹೇಳಲು ಮನಸ್ಸಾಗುತ್ತದೆ. ಆದರೆ ಅದು ಪೂರ್ಣ ಸತ್ಯವಲ್ಲ. ಆ ಭಯದ ಕಾಲದಲ್ಲಿಯೇ ದ್ವೀಪಕ್ಕೆ ಹಂದಿಗಳು ಬಂದಿದ್ದುವು. ಮುಂದೆ ಹಡಗು ಒಡೆದು ಬರುವವರಿಗೆ ಆಹಾರವಾಗಲೆಂದು ಇಂಥ ದ್ವೀಪಗಳಲ್ಲಿ ಹಂದಿಗಳನ್ನು ಬಿಡುವುದು ಅಂದಿನ ನಾವಿಕರ ವಾಡಿಕೆ.

ಇಲ್ಲಿಂದ ಮುಂದಕ್ಕೆ ಮುಖ್ಯ ಆಧಾರವು ವಿಲಿಯಂ ಸ್ಟ್ರೇಚಿಯ ಪತ್ರ. ೧೬೦೯ನೆಯ ಜುಲೈ ೨೮ರಂದು 'ಸೀ ವೆಂಚರ್' ಬಂಡೆಗೆ ತಗಲಿ ನಿಂತಿತು. ಅದರಲ್ಲಿದ್ದ ಸುಮಾರು ೧೫೦ ಜನರೂ ಬದುಕಿ ದಡ ಸೇರಿದರು. ಅವರು ಅಲ್ಲಿ ಒಂಬತ್ತು ತಿಂಗಳಿಗೂ ಮೇಲ್ಪಟ್ಟು ಇದ್ದು, ಎರಡು ಸಣ್ಣ ಹಡಗುಗಳನ್ನು ಕಟ್ಟಿಕೊಂಡು ೧೬೧೦ನೆಯ ಮೇ ತಿಂಗಳಲ್ಲಿ ವರ್ಜೀನಿಯಾಕ್ಕೆ ಹೊರಟರು. ಸ್ಟ್ರೇಚಿಯು ಈ ವಿದ್ಯಮಾನಗಳನ್ನೆಲ್ಲ ಒಬ್ಬ ಕುಲೀನ ಸ್ತ್ರೀಗೆ ಬರೆದ ದೀರ್ಘಪತ್ರಕ್ಕೆ ೧೬೧೦ನೆಯ ಜುಲೈ ೧೫ರ ತಾರೀಖಿದೆ. ಅದು ಅಚ್ಚಾದುದು ೧೬೨೫ರಲ್ಲಿ, ಸ್ಯಾಮ್ಯುಯೆಲ್ ಪರ್ಚಸನ ಪ್ರವಾಸಸಂಗ್ರಹದಲ್ಲಿ. ೧೬೧೧ರಲ್ಲಿಯೇ ರಾಜಸಭೆಯಲ್ಲಿ ಆಡಿದ ನಾಟಕಕ್ಕೆ ಅದು ಆಕರವಾಗಿದ್ದರೆ ಕವಿಯು ಹಸ್ತಪ್ರತಿಯನ್ನು ಕಂಡಿರಬೇಕು ಎಂಬ ವಾದವು ಹುಟ್ಟಿರುವುದು ಈ ಕಾರಣದಿಂದ.

ಹಕ್ಕಿಯ ವಿಷಯದಲ್ಲಿ ಸ್ಟ್ರೇಚಿ ಹೇಳುವುದು ಇಷ್ಟು: ಅದು ಬೆಸೆದ ಬೆರಳುಗಳ ಕಾಲಿನದು, ನವೆಂಬರು ಡಿಸೆಂಬರು ತಿಂಗಳುಗಳ ಕಡುಗತ್ತಲಿನಲ್ಲಿ ದಡಕ್ಕೆ ಬರುತ್ತದೆ, ಗಾಳಿಯಲ್ಲಿ ಸುಳಿಯುತ್ತ ಟೊಳ್ಳಾದ ಕರ್ಕಶ ಧ್ವನಿಯಲ್ಲಿ ಕೂಗುತ್ತದೆ, ಹಗಲಿನಲ್ಲಿ ಅದಕ್ಕೆ ಕಣ್ಣು ಮಂದ. ಇದರಿಂದ ಹಡಗಿನವರು ಅದನ್ನು ಕಡಲಗೂಬೆ ಎಂದು ಕರೆದರಂತೆ. ಅದನ್ನು ಹಿಡಿಯುವ ಬಗೆಯೂ ವಿಚಿತ್ರ. ದಡದ ಬಂಡೆಯ ಮೇಲೆ ನಿಂತು ಮನುಷ್ಯನು ಗಟ್ಟಿಯಾಗಿ ಕೂಗಿ ನಕ್ಕು ಗದ್ದಲಮಾಡಿದರೆ ಹಕ್ಕಿಗಳು ಆ ಸದ್ದಿನ ಕಡೆಗೇ ಹಾರಿಬಂದು ಅವನ ತೋಳಿನ ಮೇಲೆ, ತಲೆಯ ಮೇಲೆ ಕುಳಿತುಬಿಡುತ್ತಿದ್ದುವು. ಅವನು ಒಂದೊಂದನ್ನೇ ಕೈಯಲ್ಲಿ ತೂಗಿ ನೋಡಿ ಭಾರವಾದುದನ್ನು ಇಟ್ಟುಕೊಂಡು ಹಗುರವಾದುದನ್ನು ಬಿಡುತ್ತಿದ್ದನು. ಎರಡು ಗಂಟೆಯ ಹೊತ್ತಿನಲ್ಲಿ ಇಪ್ಪತ್ತು ಡಜನ್ ಹಕ್ಕಿ. ಜನವರಿಯಲ್ಲಿ ಕೋಳಿಮೊಟ್ಟೆಯ ಗಾತ್ರದ ಮೊಟ್ಟೆಗಳು ಯಥೇಚ್ಛ. ಜೊತೆಯಲ್ಲಿದ್ದ ಸಿಲ್ವೆಸ್ಟರ್ ಜೂರ್ಡೇನನೂ ೧೬೧೦ರಲ್ಲಿ ಅಚ್ಚುಹಾಕಿಸಿದ ಕಿರುಹೊತ್ತಗೆಯಲ್ಲಿ, ಮೊಲದ ಬಿಲದಂಥ ಬಿಲಗಳಲ್ಲಿರುವ ಈ ಕೊಬ್ಬಿದ ಹಕ್ಕಿಯನ್ನೂ ಅದರ ಬಿಳಿಯ ಮೊಟ್ಟೆಯನ್ನೂ ಹೊಗಳಿದ್ದಾನೆ.

ಸ್ಟ್ರೇಚಿಯ ಬರಹದಲ್ಲಿ ಎರಡು ಮಾತುಗಳು ವಿಶೇಷವಾಗಿ ಗಮನಾರ್ಹವಾಗಿವೆ. ಹಕ್ಕಿಯು ಸಡಿಲವಾದ ಮಣ್ಣಿನಲ್ಲಿ ಬಿಲ ತೋಡಿಕೊಂಡು ಮರಿಮಾಡುತ್ತದೆ ಎಂಬುದು ಒಂದು. ಕಾಡುಹಂದಿಗಳು ಈಜಿ ತಲಪಲಾರದಷ್ಟು ದೂರದ ನಡುಗಡ್ಡೆಗಳಲ್ಲಿ ಮಾತ್ರ ಅದು ಇದೆ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಅನೇಕರು ಹಕ್ಕಿಯ ಸ್ವಭಾವದ ವರ್ಣನೆಯೆಂದು ಓದಿದರು: ಕಹೌ ಹೊರಗಡ್ಡೆಗಳ ಹಕ್ಕಿ, ಅಷ್ಟೇ. ಆದರೆ ಅದು ಸ್ವಭಾವದ ವರ್ಣನೆಯಲ್ಲ. ಒಂದು ನಾಶದ ವರದಿ. ಹಂದಿಗಳು ಬರುವುದಕ್ಕೆ ಮುಂಚೆ ದೊಡ್ಡ ದ್ವೀಪದ ಕಾಡಿನ ನೆಲವೆಲ್ಲ ಇದರ ಬಿಲಗಳಿಂದ ತುಂಬಿದ್ದಿರಬೇಕು. ಮುಖ್ಯದ್ವೀಪದ ಗುಹೆಗಳಲ್ಲಿ ಈ ಹಕ್ಕಿಯ ಎಲುಬುಗಳು ಹೇರಳವಾಗಿ ದೊರೆತಿರುವುದು ಇದನ್ನು ಸ್ಥಿರಪಡಿಸುತ್ತದೆ. ಅಂದರೆ ಆಂಗ್ಲೇಯರು ಕಂಡು ಬೆರಗಾದ ಆ ಸಮೃದ್ಧಿಯು ಆಗಲೇ ಅಳಿದುಳಿದ ಶೇಷ. ಮೊದಲು ಲಕ್ಷಗಟ್ಟಲೆ ಜೋಡಿಗಳಿದ್ದುವೆಂದು ಈಗಿನವರು ಅಂದಾಜುಮಾಡುತ್ತಾರೆ.

ಶೇಷವನ್ನು ಮುಗಿಸುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ೧೬೧೨ರಲ್ಲಿ ರಿಚರ್ಡ್ ಮೂರ್ ಎಂಬ ಗವರ್ನರನ ಕೈಕೆಳಗೆ ಆಂಗ್ಲೇಯರ ವಸಾಹತು ನೆಲೆಸಿತು. ಎರಡೇ ವರ್ಷದಲ್ಲಿ ಕ್ಷಾಮ ಬಂತು. ಜಾನ್ ಸ್ಮಿತ್ತನು ೧೬೨೪ರಲ್ಲಿ ಪ್ರಕಟಿಸಿದ ಇತಿಹಾಸದ ಪ್ರಕಾರ, ನಿತ್ರಾಣರೂ ರೋಗಿಗಳೂ ಆದ ಸುಮಾರು ೧೫೦ ಮಂದಿಯನ್ನು ಹಕ್ಕಿಗಳು ಹೇರಳವಾಗಿದ್ದ ಕೂಪರ್ ದ್ವೀಪಕ್ಕೆ ಸಾಗಿಸಲಾಯಿತು. ಹಸಿದು ಕಂಗೆಟ್ಟವರು, ಹೆದರಿಕೆಯರಿಯದೆ ಮೈಮೇಲೆಯೇ ಬಂದು ಕೂರುವ ಹಕ್ಕಿಗಳನ್ನು ಹಗಲೂ ಇರುಳೂ ತಿಂದು, ಅತಿಯಾಗಿ ತಿಂದುದರಿಂದಲೇ ರೋಗಕ್ಕೆ ತುತ್ತಾದರು. ಇವರನ್ನು ನಿಂದಿಸುವುದು ಹೊಟ್ಟೆ ತುಂಬಿದವರಿಗೆ ಸುಲಭ. ಕ್ಷಾಮದ ಜೊತೆಗೆ ಇಲಿಯೂ ಬಂತು. ೧೬೧೪ರಲ್ಲಿ ಒಂದು ಧಾನ್ಯದ ಹಡಗಿನಿಂದ ಇಳಿದ ಇಲಿಗಳು ಕೆಲವೇ ವರ್ಷಗಳಲ್ಲಿ ಗಡ್ಡೆಯಿಂದ ಗಡ್ಡೆಗೆ ಈಜಿ ಎಲ್ಲೆಡೆಯೂ ಹರಡಿದುವು. ಹಂದಿಗಳು ತಲಪಲಾರದ ಕಡೆಗೆ ಇಲಿಗಳು ತಲಪಿದುವು. ಅವನ್ನು ಕೊಲ್ಲಲು ವಸಾಹತಿನವರು ಬೆಕ್ಕುನಾಯಿಗಳನ್ನು ಬಿಟ್ಟರು, ಪಾಷಾಣವಿಟ್ಟರು, ಕಾಡಿಗೇ ಬೆಂಕಿಯಿಟ್ಟರು. ನೆಲದ ಬಿಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ರೋಗಕ್ಕಿಂತ ಔಷಧವು ಮೇಲಾಗಿತ್ತೆಂದು ಹೇಳುವಂತಿಲ್ಲ.

ಇಷ್ಟಾದ ಮೇಲೆ ಶಾಸನ ಹೊರಟಿತು. ೧೬೧೬ರಿಂದ ೧೬೧೯ರ ವರೆಗೆ ಗವರ್ನರನಾಗಿದ್ದ ಡೇನಿಯಲ್ ಟಕ್ಕರನು ಕಹೌ ಮೊದಲಾದ ಹಕ್ಕಿಗಳ ಸೂರೆಯನ್ನು ನಿಷೇಧಿಸಿ ಒಂದು ಸಾರ್ವಜನಿಕ ಆಜ್ಞೆಯನ್ನು ಹೊರಡಿಸಿದನು. ಹೊಸ ಜಗತ್ತಿನಲ್ಲಿ ಕಾಡುಪ್ರಾಣಿಯ ರಕ್ಷಣೆಗಾಗಿ ಹುಟ್ಟಿದ ಆಜ್ಞೆಗಳಲ್ಲಿ ಇದು ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತದೆ. ೧೬೨೦ರಲ್ಲಿ ಅಲ್ಲಿನ ಸಭೆಯು ಎಳೆಯ ಕಡಲಾಮೆಗಳನ್ನು ಕೊಲ್ಲುವುದರ ವಿರುದ್ಧವೂ ಕಾಯಿದೆಮಾಡಿತು. ಹಕ್ಕಿಯ ಆಜ್ಞೆಯ ವಿಷಯ ತಿಳಿದುಬರುವುದು ಬರ್ಮುಡಾದ ಹಳೆಯ ಇತಿಹಾಸಗ್ರಂಥವೊಂದರಿಂದ. ಈ ಗ್ರಂಥದ ಹಸ್ತಪ್ರತಿಯನ್ನು ೧೮೮೨ರಲ್ಲಿ ಸಂಪಾದಿಸಿದ ಲೆಫ್ರಾಯ್ ಅವರು ಅದರ ಕರ್ತೃ ಜಾನ್ ಸ್ಮಿತ್ತನೆಂದು ಭಾವಿಸಿದರು. ಟಕ್ಕರನ ತರುವಾಯ ೧೬೧೯ರಿಂದ ೧೬೨೨ರ ವರೆಗೆ ಗವರ್ನರನಾಗಿದ್ದ ನಥಾನಿಯಲ್ ಬಟ್ಲರನದೇ ಅದು ಎಂಬುದು ಆಮೇಲೆ ನಿಶ್ಚಯವಾಯಿತು. ಆಜ್ಞೆ ಹೊರಡುವ ಹೊತ್ತಿಗೆ ಹಕ್ಕಿಗಳು ಬೆಂಕಿ, ಅಗೆತ, ಕಲ್ಲೇಟುಗಳಿಂದ ಬಹುಮಟ್ಟಿಗೆ ಹಾಳಾಗಿದ್ದುವೆಂದು ಬಟ್ಲರನು ಬರೆಯುತ್ತಾನೆ. ಅನಂತರದ ಅಧಿಕಾರಿಯು ಹಿಂದಿನವನ ಕಾಲವನ್ನು ಕುರಿತು ಬರೆದ ಮಾತನ್ನು ತೂಗಿಯೇ ನೋಡಬೇಕು. ಆದರೂ ಈ ಮಾತಿಗೆ ಕಾಲವೇ ಸಾಕ್ಷಿಯಾಯಿತು. ಇನ್ನೊಂದು ಅಂಶವೂ ಉಂಟು. ಆಜ್ಞೆಯು ಮನುಷ್ಯನ ಕೈಯನ್ನು ತಡೆಯಬಲ್ಲುದಾಗಿತ್ತೇ ಹೊರತು ಇಲಿಯ ಹಲ್ಲನ್ನು ತಡೆಯುವಂತಿರಲಿಲ್ಲ.

ಆಮೇಲೆ ಕಹೌ ದಾಖಲೆಗಳಿಂದ ಮರೆಯಾಗುತ್ತದೆ. ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಹೆಸರು ಉಳಿದು ವಸ್ತು ಹೋದಾಗ ಆಗುವ ಗೊಂದಲವು ನಿಘಂಟುಕಾರರಿಗೆ ಚೆನ್ನಾಗಿ ಗೊತ್ತು. ಹತ್ತೊಂಬತ್ತನೆಯ ಶತಮಾನದ ಪ್ರಕೃತಿಶಾಸ್ತ್ರಜ್ಞರು ಆ ಹೆಸರನ್ನು ಅಲ್ಲಿ ವಿರಳವಾಗಿ ಮರಿಮಾಡುತ್ತಿದ್ದ ಷಿಯರ್‌ವಾಟರ್ ಎಂಬ ಬೇರೊಂದು ಕಡಲಹಕ್ಕಿಗೆ ಅಂಟಿಸಿದರು. ಸ್ಟ್ರೇಚಿಯ ಹಕ್ಕಿಯು ಜನವರಿಯಲ್ಲಿ ಮೊಟ್ಟೆಯಿಡುತ್ತದೆ, ಷಿಯರ್‌ವಾಟರ್ ವಸಂತಕಾಲದಲ್ಲಿ. ಒಂದರ ಮಾಂಸ ರುಚಿಕರವೆಂದು ಹೊಗಳಿಸಿಕೊಂಡಿತು, ಇನ್ನೊಂದರ ಮಾಂಸಕ್ಕೆ ಆ ಕೀರ್ತಿಯಿಲ್ಲ. ಹಳೆಯ ಬರಹಗಳನ್ನು ಹೀಗೆ ಒಂದಕ್ಕೊಂದು ಹೋಲಿಸಿ ಇವೆರಡೂ ಒಂದೇ ಅಲ್ಲವೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾದಿಸಿದವರು ಯೇಲ್ ವಿಶ್ವವಿದ್ಯಾನಿಲಯದ ವೆರಿಲ್ ಎಂಬ ಪ್ರಾಧ್ಯಾಪಕರು. ಕಹೌ ಯಾವ ಕುಲದ್ದೆಂಬುದನ್ನು ಅವರು ಸರಿಯಾಗಿ ಊಹಿಸಲಿಲ್ಲ. ಅಲ್ಲವೆಂಬುದನ್ನು ಸರಿಯಾಗಿ ಸಾಧಿಸಿದರು. ಕೆಲವು ವರ್ಷಗಳಲ್ಲಿಯೇ, ೧೯೦೬ರಲ್ಲಿ, ಕ್ಯಾಸಲ್ ಹಾರ್ಬರ್ ಎಂಬ ಕೊಲ್ಲಿಯ ಬಾಯಲ್ಲಿರುವ ಒಂದು ಬಂಡೆಯ ಬಿರುಕಿನಲ್ಲಿ ಲೂಯಿಸ್ ಮೋಬ್ರೆ ಅವರಿಗೆ ಜೀವಂತವಾದ ಒಂದು ಪೆಟ್ರೆಲ್ ದೊರೆಯಿತು. ಅದನ್ನು ಮೊದಲು ದಕ್ಷಿಣ ಸಮುದ್ರದಿಂದ ದಾರಿತಪ್ಪಿ ಬಂದ ಹಕ್ಕಿಯೆಂದು ಎಣಿಸಲಾಯಿತು. ೧೯೧೬ರಲ್ಲಿ ನಿಕೋಲ್ಸ್ ಮತ್ತು ಮೋಬ್ರೆ ಅವರು ಅದನ್ನು ಹೊಸ ಪ್ರಭೇದವೆಂದು ಪ್ರಕಟಿಸಿ ಹಳೆಯ ಕಹೌ ಎಂಬ ಹೆಸರನ್ನೇ ಶಾಸ್ತ್ರೀಯನಾಮದಲ್ಲಿ ಸೇರಿಸಿದರು. ಅದೇ ವರ್ಷ ಷೂಫೆಲ್ಟ್ ಎಂಬ ವಿದ್ವಾಂಸರು ಗುಹೆಗಳ ಎಲುಬುಗಳನ್ನು ವಿವರಿಸಿದರು. ಬಾಯಿಮಾತಿನ ಹೆಸರು, ಗ್ರಂಥದ ವರ್ಣನೆ, ನೆಲದ ಎಲುಬು, ಕೈಗೆ ಸಿಕ್ಕ ಹಕ್ಕಿ, ಈ ನಾಲ್ಕೂ ಒಂದೆಡೆ ಕೂಡಿದುವು.

ಆದರೂ ಗೂಡು ಎಲ್ಲಿ? ೧೯೩೫ರಲ್ಲಿ ಸೇಂಟ್ ಡೇವಿಡ್ಸ್ ದೀಪಸ್ತಂಭಕ್ಕೆ ಬಡಿದು ಒಂದು ಎಳೆಯ ಹಕ್ಕಿ ಸತ್ತಿತು. ಅದನ್ನು ವಿಲಿಯಂ ಬೀಬ್ ಅವರು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದ್ದ ರಾಬರ್ಟ್ ಕುಷ್‌ಮನ್ ಮರ್ಫಿ ಅವರಿಗೆ ಕಳುಹಿಸಿದರು. ಎಳೆಯ ಹಕ್ಕಿಯೆಂದರೆ ಎಲ್ಲಿಯೋ ಮರಿಯಾಗಿರಲೇಬೇಕು. ೧೯೪೧ರಿಂದ ಅಮೆರಿಕದ ಸೈನ್ಯವು ಆ ಭಾಗದಲ್ಲಿ ಸಮುದ್ರವನ್ನು ತುಂಬಿ ವಿಮಾನನಿಲ್ದಾಣವನ್ನು ಕಟ್ಟಿತು. ಕ್ಷಾಮದ ಕಾಲದ ಆ ಕೂಪರ್ ದ್ವೀಪವೂ ಅದರ ನೆರೆಯ ನೆಲಕ್ಕೆ ಕೂಡಿಹೋಯಿತು. ಇನ್ನು ಆಸೆಯಿಲ್ಲವೆಂದು ಅನೇಕರು ಕೈಬಿಟ್ಟರು. ಆದರೆ ೧೯೪೫ರಲ್ಲಿ ಅದೇ ಸೈನ್ಯದ ಫ್ರೆಡ್ ಹಾಲ್ ಎಂಬವರಿಗೆ ಅಲ್ಲಿಯೇ ಕಹೌವಿನ ಅವಶೇಷಗಳು ದೊರೆತುವು. ಕಡೆಗೆ ೧೯೫೧ನೆಯ ಜನವರಿ ೨೮ರಂದು ಮರ್ಫಿ ಅವರೂ, ಹಿಂದೆ ಹೇಳಿದ ಮೋಬ್ರೆಯವರ ಮಗನೂ, ಡೇವಿಡ್ ವಿಂಗೇಟ್ ಎಂಬ ಹದಿನೈದು ವರ್ಷದ ಶಾಲಾಬಾಲಕನೂ ಒಂದು ನಡುಗಡ್ಡೆಗೆ ಹೋಗಿ, ಬಂಡೆಯ ಆಳವಾದ ಬಿರುಕಿನಲ್ಲಿ ಕುಳಿತಿದ್ದ ಹಕ್ಕಿಯನ್ನು ಕೋಲಿಗೆ ಕಟ್ಟಿದ ಕುಣಿಕೆಯಿಂದ ಹೊರಕ್ಕೆಳೆದು ನೋಡಿದರು. ಅದು ಕಹೌ. ಆಗ ಕಂಡವು ಏಳು ಜೋಡಿ. ಮುಂದಿನ ವರ್ಷಗಳಲ್ಲಿ ಎಲ್ಲ ಗಡ್ಡೆಗಳನ್ನೂ ಜಾಲಾಡಿದ ಮೇಲೆ ಲೆಕ್ಕ ಹದಿನೆಂಟಕ್ಕೆ ಏರಿತು. ಆ ಗಡ್ಡೆಗಳೆಲ್ಲವನ್ನೂ ಕೂಡಿಸಿದರೂ ಸುಮಾರು ಒಂದು ಹೆಕ್ಟೇರು.

ಗಡ್ಡೆಗಳಿಗೆ ಜನರು ಹೋಗದಂತೆ ತಡೆದದ್ದಾಯಿತು, ಇಲಿಗಳನ್ನು ಕೊಂದದ್ದಾಯಿತು. ಆದರೂ ಮರಿಗಳು ಉಳಿಯುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದುವು. ಕಾರಣವು ಮತ್ತೊಂದು ಹಕ್ಕಿ. ದ್ವೀಪದವರು ಉದ್ದಬಾಲವೆಂದು ಕರೆಯುವ ಸುಂದರವಾದ ಬಿಳಿಯ ಕಡಲಹಕ್ಕಿಯು ಮಾರ್ಚಿಯಲ್ಲಿ ಗೂಡು ಹುಡುಕುತ್ತ ಬರುತ್ತದೆ. ಅದು ಬಿಲ ತೋಡುವುದಿಲ್ಲ. ಬಂಡೆಯ ಬಿರುಕೇ ಅದರ ಸಹಜವಾದ ಮನೆ. ಆಗ ಬಿರುಕಿನಲ್ಲಿ ಕಹೌವಿನ ಎಳೆಮರಿ ಒಂಟಿಯಾಗಿರುತ್ತದೆ, ತಾಯಿತಂದೆಗಳು ಆಹಾರಕ್ಕೆಂದು ದೂರ ಸಾಗರದಲ್ಲಿ. ಉದ್ದಬಾಲವು ಮರಿಯನ್ನು ಕುಕ್ಕಿ ಕೊಂದು ಸ್ಥಳವನ್ನು ಹಿಡಿಯುತ್ತದೆ. ಇದರಲ್ಲಿ ಅಪರಾಧಿ ಯಾರು? ಬಿರುಕು ಉದ್ದಬಾಲದ್ದು, ಅಲ್ಲಿ ಹೊರಗಿನದು ಕಹೌವೇ. ಸ್ಟ್ರೇಚಿಯು ಹೇಳಿದ ಸಡಿಲವಾದ ಮಣ್ಣು ಆ ಬೋಳುಗಡ್ಡೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಮಣ್ಣಿನ ಹಕ್ಕಿಯು ಮಣ್ಣನ್ನು ಕಳೆದುಕೊಂಡು ಕಲ್ಲಿನ ಹಕ್ಕಿಯ ಮನೆಯಲ್ಲಿ ಬಂದು ಇದ್ದಿತು. ಹಳೆಯ ಪತ್ರದ ಆ ಒಂದು ಮಾತಿನ ಪೂರ್ಣಾರ್ಥವು ವ್ಯಕ್ತವಾದುದು ಇಲ್ಲಿ.

ಪರಿಹಾರವೂ ಅದರಿಂದಲೇ ಹೊರಟಿತು. ೧೯೫೪ರ ಸುಮಾರಿಗೆ ರಿಚರ್ಡ್ ಥಾರ್ಸೆಲ್ ಅವರು, ಕಹೌ ನುಸುಳಬಲ್ಲ ಆದರೆ ಅದಕ್ಕಿಂತ ತುಸು ದಪ್ಪನೆಯ ಉದ್ದಬಾಲವು ನುಸುಳಲಾರದ ಅಳತೆಗೆ ಒಂದು ಕಂಡಿಯನ್ನು ಕೊರೆದ ಹಲಗೆಯನ್ನು ಬಿರುಕಿನ ಬಾಯಿಗೆ ಜೋಡಿಸುವ ಉಪಾಯವನ್ನು ಕಂಡುಹಿಡಿದರು. ಕೂದಲೆಳೆಯ ವ್ಯತ್ಯಾಸದ ಮೇಲೆ ನಿಂತ ಉಪಾಯ ಅದು. ಎಲ್ಲ ಗೂಡುಗಳಿಗೂ ಅದನ್ನು ಅಳವಡಿಸಿದ ಮೇಲೆ ಆ ಸಾವುಗಳು ನಿಂತುವು. ಆ ಶಾಲಾಬಾಲಕ ವಿಂಗೇಟ್ ಅವರು ವಿಶ್ವವಿದ್ಯಾನಿಲಯದ ಓದು ಮುಗಿಸಿ ಹಿಂದಿರುಗಿ ಈ ಕಾರ್ಯವನ್ನು ಕೈಗೊಂಡು, ಗಡ್ಡೆಗಳ ನೆತ್ತಿಯ ಮೇಲೆ ಸಿಮೆಂಟಿನಿಂದ ಬಿಲಗಳನ್ನೇ ಕಟ್ಟತೊಡಗಿದರು. ಬಾಗಿದ ನೀಳ ಸುರಂಗ, ತುದಿಯಲ್ಲಿ ಒಂದು ಕೋಣೆ, ಮೇಲೆ ತೆಗೆದು ನೋಡಲು ಮುಚ್ಚಳ. ಬೆಳಕು ಬಯಸುವ ಉದ್ದಬಾಲಕ್ಕೆ ಒಗ್ಗದ ಕತ್ತಲೆ. ಬಿಲ ತೋಡುವ ಹಕ್ಕಿಗೆ ತೋಡಲು ಮಣ್ಣಿಲ್ಲದಿದ್ದುದರಿಂದ ಮನುಷ್ಯನೇ ತೋಡಿಕೊಡಬೇಕಾಯಿತು.

ಅವರ ಮುಖ್ಯವಾದ ಉದ್ದೇಶವು ಇದಕ್ಕಿಂತ ದೊಡ್ಡದು. ಗಡ್ಡೆಗಳ ಬಳಿಯಲ್ಲಿ ಸುಮಾರು ಆರು ಹೆಕ್ಟೇರಿನ ನಾನ್‌ಸಚ್ ಎಂಬ ದ್ವೀಪವಿದೆ. ಹಿಂದೆ ಅಲ್ಲಿ ಹಳದಿಜ್ವರದ ರೋಗಿಗಳ ಆಸ್ಪತ್ರೆಯಿತ್ತು; ಬೀಬ್ ಅವರು ಆಳಸಮುದ್ರದ ಶೋಧನೆಗೆ ಅಲ್ಲಿ ಬೀಡುಬಿಟ್ಟಿದ್ದರು. ೧೯೪೦ರ ದಶಕದಲ್ಲಿ ಹೊರಗಿನಿಂದ ಬಂದ ಶಲ್ಕಕೀಟಗಳಿಂದ ಬರ್ಮುಡಾದ ದೇವದಾರು ಮರಗಳು ಬಹುಪಾಲು ಒಣಗಿ, ನಾನ್‌ಸಚ್ ಬಯಲಾಗಿತ್ತು. ಆದರೆ ಅಲ್ಲಿ ಮಣ್ಣಿತ್ತು. ವಿಂಗೇಟ್ ಅವರು ೧೯೬೦ರ ದಶಕದ ಆರಂಭದಲ್ಲಿ ಸಂಸಾರಸಮೇತರಾಗಿ ಅಲ್ಲಿಗೆ ಹೋಗಿ ನೆಲೆಸಿ, ದೇಶೀಯವಾದ ಗಿಡಮರಗಳನ್ನೇ ಆರಿಸಿ ಸಾವಿರಗಟ್ಟಲೆ ನೆಟ್ಟರು. ಕಹೌ ಹಕ್ಕಿಯು ಒಂದಲ್ಲ ಒಂದು ದಿನ ಆ ಕಾಡಿನ ನೆಲಕ್ಕೆ ಬಂದು ಬಿಲ ತೋಡಬೇಕೆಂಬುದು ಅವರ ಎಣಿಕೆ. ಅವರು ೧೯೬೬ರಿಂದ ೨೦೦೦ದ ವರೆಗೆ ಸರ್ಕಾರದ ಸಂರಕ್ಷಣಾಧಿಕಾರಿಯಾಗಿದ್ದರು. ಅಷ್ಟು ವರ್ಷವೂ ಆ ದಿನ ಬರಲಿಲ್ಲ. ಹಕ್ಕಿಯು ತಾನು ಹುಟ್ಟಿದ ಗಡ್ಡೆಗೇ ಹಿಂದಿರುಗುತ್ತದೆ, ಬೇರೆಡೆಗೆ ಹೋಗುವುದಿಲ್ಲ.

ನಡುವೆ ವಿಘ್ನಗಳಿಗೆ ಕೊರತೆಯಿರಲಿಲ್ಲ. ವಿಮಾನನಿಲ್ದಾಣದ ದೀಪಗಳು, ಕತ್ತಲಿನಲ್ಲಿ ಮಾತ್ರ ಜೊತೆಗೂಡುವ ಹಕ್ಕಿಗೆ ತೊಂದರೆಯಾದುವು. ೧೯೬೮ರಲ್ಲಿ ವುರ್ಸ್ಟರ್ ಮತ್ತು ವಿಂಗೇಟ್ ಅವರು ಪ್ರಕಟಿಸಿದ ಲೇಖನದಿಂದ ಅದಕ್ಕಿಂತ ಭಯಂಕರವಾದುದೊಂದು ತಿಳಿದುಬಂತು: ಮೊಟ್ಟೆ ಮರಿಗಳಲ್ಲಿ ಹತ್ತುಲಕ್ಷಕ್ಕೆ ಸರಾಸರಿ ೬.೪೪ ಪಾಲು ಡಿ.ಡಿ.ಟಿ. ವಿಷಶೇಷವಿತ್ತು, ಹಿಂದಿನ ಹತ್ತು ವರ್ಷಗಳಲ್ಲಿ ಸಂತಾನವು ವರ್ಷಕ್ಕೆ ಶೇಕಡ ೩.೨೫ರಂತೆ ಇಳಿದಿತ್ತು, ಹೀಗೆಯೇ ನಡೆದರೆ ೧೯೭೮ಕ್ಕೆ ಪೂರ್ತಿ ನಿಲ್ಲುವುದೆಂದು ಲೆಕ್ಕಹಾಕಿದ್ದರು. ಹೊಲಗದ್ದೆಗಳ ಹತ್ತಿರ ಎಂದೂ ಸುಳಿಯದ, ನಡುಸಾಗರದಲ್ಲಿ ಉಣ್ಣುವ ಹಕ್ಕಿ ಇದು. ಅದರ ಮೈಯಲ್ಲಿ ಖಂಡದ ಹೊಲಗಳ ವಿಷ ಸೇರಿದ್ದು ಸಮುದ್ರದ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಅಲ್ಲ. ೧೯೭೨ರಲ್ಲಿ ಅಮೆರಿಕವು ಆ ವಿಷವನ್ನು ನಿಷೇಧಿಸಿದ ಮೇಲೆ ಮರಿಗಳ ಸಂಖ್ಯೆ ಚೇತರಿಸಿಕೊಂಡಿತು. ೧೯೮೭ರಲ್ಲಿ ಉತ್ತರದಿಂದ ದಾರಿತಪ್ಪಿ ಬಂದ ಒಂದು ಹಿಮಗೂಬೆಯು ಐದು ಕಹೌಗಳನ್ನು ತಿಂದಿತು. ಜೀವಮಾನವೆಲ್ಲ ಹಕ್ಕಿಗಳನ್ನು ಕಾಯ್ದ ವಿಂಗೇಟ್ ಅವರೇ ಅದನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು.

೨೦೦೩ನೆಯ ಸೆಪ್ಟೆಂಬರ್ ೫ರಂದು 'ಫೇಬಿಯನ್' ಎಂಬ ಚಂಡಮಾರುತವು ಬರ್ಮುಡಾವನ್ನು ಅಪ್ಪಳಿಸಿತು. ಅಲೆಗಳು ಗಡ್ಡೆಗಳ ಮೇಲೆಯೇ ಹರಿದು ಎಷ್ಟೋ ಬಿಲಗಳನ್ನು ಒಡೆದುಹಾಕಿದುವು. ಹಕ್ಕಿಗಳು ಆಗ ಸಮುದ್ರದಲ್ಲಿದ್ದುದರಿಂದ ಬದುಕಿದುವು. ಬೋಳುಗಡ್ಡೆಗಳನ್ನು ನೆಚ್ಚುವಂತಿಲ್ಲವೆಂಬುದಕ್ಕೆ ಇನ್ನು ಬೇರೆ ಪ್ರಮಾಣ ಬೇಕಾಗಲಿಲ್ಲ. ವಿಂಗೇಟ್ ಅವರ ತರುವಾಯ ಬಂದ ಜೆರೆಮಿ ಮಡೆರೋಸ್ ಅವರು ೨೦೦೪ರಿಂದ ೨೦೦೮ರ ವರೆಗೆ, ಹಾರುವ ಕಾಲ ಸಮೀಪಿಸಿದ ಮರಿಗಳನ್ನು ಗಡ್ಡೆಗಳಿಂದ ಎತ್ತಿ ತಂದು ನಾನ್‌ಸಚ್ ದ್ವೀಪದ ಹೊಸ ಬಿಲಗಳಲ್ಲಿಟ್ಟು, ಕೈಯಾರೆ ಉಣ್ಣಿಸಿ, ಅಲ್ಲಿಂದಲೇ ಸಮುದ್ರಕ್ಕೆ ಹಾರಿಸಿದರು. ಹಾಗೆ ಹೋದವು ನೂರಕ್ಕೂ ಮೇಲ್ಪಟ್ಟು. ಮರಿಯು ಮೊದಲ ಬಾರಿಗೆ ಬಿಲದಿಂದ ಹೊರಬಂದು ನಕ್ಷತ್ರಗಳನ್ನು ನೋಡುವ ಸ್ಥಳವೇ ಅದರ ನೆನಪಿನಲ್ಲಿ ನಿಲ್ಲುವುದೆಂಬ ನಂಬುಗೆಯ ಮೇಲೆ ನಡೆದ ಕೆಲಸ ಇದು. ೨೦೦೮ರಲ್ಲಿ ಮೊದಲಿನವು ಹಿಂದಿರುಗಿದುವು. ೨೦೦೯ರಲ್ಲಿ, ಸುಮಾರು ೪೦೦ ವರ್ಷಗಳ ತರುವಾಯ, ನಾನ್‌ಸಚ್ ದ್ವೀಪದ ನೆಲದಲ್ಲಿ ಒಂದು ಕಹೌ ಮರಿ ಹುಟ್ಟಿತು. ಮುಂದಿನ ದಶಕದಲ್ಲಿ ಒಟ್ಟು ಜೋಡಿಗಳ ಲೆಕ್ಕವು ನೂರನ್ನು ದಾಟಿತು.

ಈ ಹೊಸ ನೆಲೆಗೆ ಎಳೆಯ ಹಕ್ಕಿಗಳನ್ನು ಸೆಳೆಯುವುದಕ್ಕಾಗಿ, ಬಿಲಗಳ ನಡುವೆ ಧ್ವನಿವರ್ಧಕವನ್ನಿಟ್ಟು, ಚಳಿಗಾಲದ ರಾತ್ರಿಗಳಲ್ಲಿ ಮುದ್ರಿಸಿಟ್ಟ ಕಹೌ ಕೂಗನ್ನು ನುಡಿಸಿದರು. ೧೬೦೯ರ ಚಳಿಗಾಲದಲ್ಲಿ 'ಸೀ ವೆಂಚರ್' ಹಡಗಿನವರು ಕತ್ತಲಲ್ಲಿ ಬಂಡೆಯ ಮೇಲೆ ನಿಂತು ಕೂಗಿ ಕರೆದ ಕ್ರಮವೇ ಅದು. ಈ ಸಲ ಬಂದ ಹಕ್ಕಿಗಳನ್ನು ಯಾರೂ ಕೈಯಲ್ಲಿ ಹಿಡಿದು ತೂಗಿ ನೋಡಲಿಲ್ಲವೆಂದು ಮಾತ್ರ ಹೇಳುವಂತಿಲ್ಲ. ಮಡೆರೋಸ್ ಅವರು ಪ್ರತಿಯೊಂದು ಮರಿಯನ್ನೂ ತೂಗಿ, ಭಾರವನ್ನು ಪುಸ್ತಕದಲ್ಲಿ ಬರೆದುಕೊಂಡು, ಮತ್ತೆ ಬಿಲದೊಳಕ್ಕೆ ಬಿಡುತ್ತಿದ್ದರು.